ಹೋಟೆಲಿನ ಮುಂದಿನ ಒದ್ದೆ ಜಗಲಿ

"ರೀ, ನಿಲ್ಲಿಸ್ರೀ! ಅಲ್ಲಿ ಜನ ಇದ್ದಾರೆ!"

ಆ ಕೂಗಿಗೆ ವೀಕ್ಷಾ ಬೆಚ್ಚಿದಳು. ಅಷ್ಟರಲ್ಲಿ ಅವಳ ಕೈಯ ಬಕೆಟ್ ಖಾಲಿಯಾಗಿತ್ತು. ಪುರಸೈವಾಕ್ಕಂನ ಅವಳ ಅಪ್ಪನ ಹೋಟೆಲಿನ ಜಗಲಿ ಮೇಲೆ ಹರಿದ ನೀರು, ಮುದುಕಿಯೊಬ್ಬಳು ಆಗಷ್ಟೇ ಹಾಸಿದ್ದ ಗೋಣಿಯನ್ನು ನೆನೆಸಿಬಿಟ್ಟಿತ್ತು.

ಮುದುಕಿ ಬೈಯಲಿಲ್ಲ. ಗೋಣಿ ಹಿಂಡಿ, ಬಗಲಿಗೆ ಸಿಕ್ಕಿಸಿಕೊಂಡು ಹೊರಟುಹೋದಳು.

ಕೂಗಿದ ಯುವಕ ವೀಕ್ಷಾಳನ್ನೇ ನೋಡಿದ. ಅಪ್ಪನ ಜೊತೆ ಅವಳು ಮಾತಾಡಿದ್ದು ಕೇಳಿಸಿತ್ತೇನೋ, ಆ ತಮಿಳು ಊರಿನಲ್ಲಿ ಕನ್ನಡದಲ್ಲೇ ಕೂಗಿದ್ದ. ಅವಳು ತಲೆ ತಗ್ಗಿಸಿ ಒಳಗೆ ಓಡಿದಳು.

ಜಗಲಿಯಲ್ಲಿ ಯಾರೂ ಮಲಗಬಾರದೆಂದು ಸಂಜೆ ಹೊತ್ತು ನೀರು ಸುರಿಸುವುದು ಅಪ್ಪ ಶೀನನ ಪದ್ಧತಿ. ಅಂದು ಕೆಲಸದವನು ಬಂದಿರಲಿಲ್ಲ. ಅಪ್ಪ ಹೇಳಿದ, ಅವಳು ಸುರಿದಳು. ಎದುರಾಡಿ ಗೊತ್ತಿದ್ದವಳಲ್ಲ.

ಮರುದಿನ ಅಣ್ಣಾ ನಗರದಲ್ಲಿ ತಾನು ಕೆಲಸ ಮಾಡುವ ಸಂಸ್ಥೆಯ ಕಚೇರಿಗೆ ಹೋದರೆ, ಅಲ್ಲಿ ನಿನ್ನೆ ಕೂಗಿದ ಯುವಕನೇ ನಿಂತಿದ್ದ!

"ಇವರು ಶ್ರೀನಾಥ್, ಮೈಸೂರಿನವರು," ಎಂದರು ಸಂಸ್ಥೆಯ ಮುಖ್ಯಸ್ಥೆ ರತ್ನಾವತಿ ಮೇಡಂ. "ಮನೆಯಿಲ್ಲದವರ ಎಣಿಕೆ ಈ ವರ್ಷದಿಂದ ಪ್ರತಿ ವರ್ಷ ನಡೀಬೇಕು. ಹೇಗೆ ಎಣಿಸೋದು ಅಂತ ಇವರು ಯೋಜನೆ ಹಾಕ್ತಾರೆ. ವೀಕ್ಷಾ, ನೀನು ಇವರ ಜೊತೆಗಿರು."

ಅಯ್ಯೋ, ಇವನೇ... ಈಗ ಹೇಳಿಬಿಡ್ತಾನೆ!

"ನಮಸ್ಕಾರ," ಎಂದನಷ್ಟೇ ಶ್ರೀನಾಥ್.

ಮುಂದಿನ ದಿನಗಳಲ್ಲಿ ಇಬ್ಬರೂ ಬೀದಿ ಬೀದಿ ಅಲೆದರು. ಯಾವ ತಂಡ ಎಲ್ಲಿಂದ ಎಲ್ಲಿಯವರೆಗೆ ಎಣಿಸಬೇಕು, ಒಬ್ಬರನ್ನೇ ಎರಡು ಸಲ ಎಣಿಸದಂತೆ ಏನು ಮಾಡಬೇಕು... ಮಾತಿಗೆ ಕೊನೆಯೇ ಇರಲಿಲ್ಲ.

"ರಾತ್ರಿ ಎಣಿಸೋವಾಗ ಮುಖಕ್ಕೆ ಟಾರ್ಚ್ ಬಿಡೋದು ಬೇಡ," ಎಂದ ಅವನು, ಮಾಂಬಲಂ ರೈಲು ಸ್ಟೇಷನ್ ಹೊರಗೆ ಟೀ ಕುಡಿಯುತ್ತಾ. "ಹೊದಿಕೆ ಎಳೆಯೋದಂತೂ ಬೇಡವೇ ಬೇಡ. ಮಲಗಿದವರಿಗೂ ಮರ್ಯಾದೆ ಇದೆ ಅಲ್ವಾ?"

ಅವಳ ಮನಸ್ಸು ಅವನತ್ತ ಜಾರಿತ್ತು. ಆದರೆ ಅವನ ಒಂದೊಂದು ಒಳ್ಳೆಯ ಮಾತೂ ಚುಚ್ಚುತ್ತಿತ್ತು. ಎಲ್ಲ ಗೊತ್ತಿದ್ದೂ ಯಾಕೆ ಕೇಳ್ತಿಲ್ಲ ಇವರು?

ಬೀದಿಗಳನ್ನು ಆರಿಸುವ ಸಭೆಯಲ್ಲಿ ಅವಳು ಧೈರ್ಯ ಮಾಡಿ ಹೇಳಿದಳು. "ಮೇಡಂ, ಪುರಸೈವಾಕ್ಕಂನಲ್ಲಿ ನಮ್ಮ ಬೀದಿ ಬಿಡಬಹುದು. ಅಲ್ಲಿ ಯಾರೂ ಮಲಗುವುದಿಲ್ಲ."

ಶ್ರೀನಾಥ್ ತಲೆಯೆತ್ತಲಿಲ್ಲ. "ಯಾರೂ ಕಾಣದ ಬೀದಿಗೂ ಹೋಗ್ಬೇಕು ಮೇಡಂ. ಯಾರೂ ಇಲ್ಲದೇ ಇರೋದಕ್ಕೂ ಕಾರಣ ಇರುತ್ತೆ."

ಅವಳ ಕಿವಿ ಬಿಸಿಯಾಯಿತು. ಸಭೆ ಮುಗಿದೊಡನೆ ಅವನನ್ನು ಮೆಟ್ಟಿಲ ಬಳಿ ತಡೆದಳು.

"ಎಲ್ಲರ ಎದುರು ಕುಟುಕ್ಲಿಕ್ಕೆ ಇಷ್ಟು ದಿನ ಕಾದ್ರಾ?"

"ಕುಟುಕಿದ್ನಾ? ವೀಕ್ಷಾ, ನಾನು..."

"ಮೊದಲ ದಿನವೇ ಹೇಳಿಬಿಡ್ಬೇಕಿತ್ತು!"

"ಹೇಗೆ ಹೇಳ್ಲಿ? ಅವತ್ತು ನೀವು ತಲೆ ತಗ್ಗಿಸಿ ಓಡಿದ್ದು ನೋಡಿದ್ದೆ," ಎಂದ ಮೆಲ್ಲಗೆ. "ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ."

ಅವಳು ಮೆಟ್ಟಿಲಿಳಿದು ಹೊರಟುಬಿಟ್ಟಳು. ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಅತ್ತಳು. ನಿಜ ಮುಚ್ಚಿಟ್ಟದ್ದು ನಾನು... ಸಿಟ್ಟಾದದ್ದೂ ನಾನೇ!

ಅಂದು ಸಂಜೆ ಶೀನ ಬಕೆಟ್ ಹಿಡಿದು ಹೊರಗೆ ಬಂದರೆ, ಜಗಲಿಯ ನಡುವೆ ಮಗಳು ಕುಳಿತಿದ್ದಾಳೆ!

"ಎಂತ ಹುಚ್ಚು ಇದು? ಏಳು ಮಗಾ. ಗಿರಾಕಿಗಳು ನೋಡ್ತಿದ್ದಾರೆ."

"ನೋಡ್ಲಿ ಅಪ್ಪ. ಹಗಲಿಡೀ ಮನೆಯಿಲ್ಲದವರನ್ನು ಎಣಿಸುವ ದಾರಿ ಹುಡುಕುವುದು, ಸಂಜೆ ಅವರ ಮೇಲೆಯೇ ನೀರು ಹಾಕುವುದು... ನನ್ನಿಂದ ಆಗುವುದಿಲ್ಲ."

"ಮರ್ಯಾದೆ ತೆಗೀತೀಯಾ ನನ್ನದು?"

"ಆ ಅಜ್ಜಿ ಗೋಣಿ ಹಿಂಡಿದಾಗಲೇ ನಮ್ಮ ಮರ್ಯಾದೆ ಹೋಯ್ತಪ್ಪ. ಹೋಟೆಲ್ ಬಾಗಿಲು ಹಾಕಿದ ಮೇಲೆ ಯಾರಾದ್ರೂ ಮಲಗಿದ್ರೆ ನಮಗೆಂತ ನಷ್ಟ?"

ಶೀನ ಮಗಳನ್ನು ನೋಡಿದ. ಇಷ್ಟು ಮಾತು ಅವಳ ಬಾಯಿಂದ ಅವನು ಕೇಳಿದವನಲ್ಲ. ತುಂಬಿದ ಬಕೆಟ್ಟನ್ನು ಹಾಗೇ ಒಳಗೆ ಒಯ್ದ.

"ಬಾಗಿಲು ಹಾಕಿದ ಮೇಲೆ... ಅದಕ್ಕೆ ಮೊದಲು ಬೇಡ," ಎಂದ, ತಿರುಗಿ ನೋಡದೆ.

ವೀಕ್ಷಾ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಎದುರಿಗೆ ಶ್ರೀನಾಥ್!

"ಯಾವಾಗ ಬಂದ್ರಿ?"

"ಕ್ಷಮೆ ಕೇಳೋಕೆ ಬಂದೆ. ಎಲ್ಲಾ ಕೇಳಿಸ್ಕೊಂಡೆ."

ಅವಳು ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. "ನಾಚಿಕೆ ಆಗ್ತದೆ ಶ್ರೀನಾಥ್... ಆ ಅಜ್ಜಿ ಮತ್ತೆ ಈ ಕಡೆ ಬರ್ಲೇ ಇಲ್ಲ."

ಅವನು ಪಕ್ಕದಲ್ಲಿ ಕುಳಿತ. "ನಂಗೂ ನಾಚಿಕೆ ಇದೆ. ಅವತ್ತು ಕೂಗಿದ್ದಷ್ಟೇ, ಅಜ್ಜಿ ಹಿಂದೆ ಹೋಗ್ಲಿಲ್ಲ. ನಿಮ್ಮನ್ನೇ ನೋಡ್ತಾ ನಿಂತುಬಿಟ್ಟೆ... ಆಮೇಲೂ ಬೇರೆಲ್ಲೂ ನೋಡೋಕಾಗ್ಲಿಲ್ಲ."

ಅವಳು ನಿಧಾನವಾಗಿ ಕೈ ಸರಿಸಿದಳು. ಅವನತ್ತ ತಿರುಗಿ ಕೇಳಿದಳು.

"ಈ ಬೀದಿ ಎಣಿಸ್ಲಿಕ್ಕೆ ನನ್ನನ್ನು ಹಾಕ್ತೀರಾ?"

"ಒಂದು ತಂಡಕ್ಕೆ ಇಬ್ಬರು ಬೇಕು. ಇನ್ನೊಬ್ಬ ನಾನು."

"ಈ ವರ್ಷ ಮಾತ್ರವಾ?"

ಅವನು ಅವಳತ್ತ ಸರಿದ.

"ಇದು ಪ್ರತಿ ವರ್ಷದ ಎಣಿಕೆ ಅಲ್ವಾ, ವೀಕ್ಷಾ..."