ಮೆಟ್ಟಿಲು ಹತ್ತಿದರೆ ನೋಯುವ ಹಲ್ಲು

ಹೇಳಹೊರಟಿರುವುದು ದಂತದ ಕಥೆ, ಆದರೆ ದಂತಕಥೆಯಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಡುವೆ ಎಲ್ಲಾದರೂ ಹಲ್ಲು ಕಿರಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಲ್ಲು ಡಾಕ್ಟರ ಕ್ಲಿನಿಕ್ಕು ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟು ಎರಡು ತಿಂಗಳು. ದಿನಕ್ಕೆ ಹತ್ತು ಜನರ ಒಸಡಿಗೆ ಸೂಜಿ ಚುಚ್ಚಿ, "ಜೋಮು ಹಿಡೀತಾ?" ಎಂದು ಕೇಳುವುದು ಅವರ ಕೆಲಸ. ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೆಂಡತಿ ಹೋಗಿ ಆರು ವರ್ಷ. ಅಲ್ಲಿಂದ ಊಟಕ್ಕೆ ರುಚಿಯಿಲ್ಲ, ನಿದ್ದೆಗೆ ಕನಸಿಲ್ಲ, ದುಃಖವೂ ಇಲ್ಲ. ರಿಸೆಪ್ಷನ್ನಿನಲ್ಲಿ ಕೂರುವ ಅವರ ಅಕ್ಕ, "ಲೋ, ಒಂದ್ಸಲ ಅತ್ತುಬಿಡೋ" ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಳು.

ಆ ಬುಧವಾರ ಫೋನ್ ಬಂತು. ನಡುಗುವ ಮುದುಕಿಯ ದನಿ.

"ಮಗಾ, ನಂಗೆ ಉಳಿದಿರೋದು ಒಂದೇ ಹಲ್ಲು. ಅದಕ್ಕೊಂದು ಜೊತೆ ಹುಡುಕಿಕೊಡ್ತೀಯಾ?"

"ಬನ್ನಿ ಅಜ್ಜಿ, ಸೆಟ್ ಕಟ್ಟಿಸೋಣ," ಎಂದು ಡಾಕ್ಟರು ಗಂಭೀರವಾಗಿ ಹತ್ತೂವರೆಯ ಹೊತ್ತು ಕೊಟ್ಟರು.

ಹತ್ತೂವರೆಗೆ ಬಂದವಳಿಗೆ ನಲವತ್ತೈದು ಇರಬಹುದು. ಕಡ್ಡಿಯಂಥ ಮೈ. ರೈಲ್ವೆ ಸ್ಟೇಷನ್ನಿನ ಅನೌನ್ಸರ್. ಎಡಗಡೆಯ ಕೆಳದವಡೆ ಒತ್ತಿಕೊಂಡು ಬಾಗಿಲಲ್ಲಿ ನಿಂತು, ಅದೇ ಮುದುಕಿಯ ದನಿಯಲ್ಲಿ "ಬಂದೆ ಮಗಾ" ಎಂದಳು. ಅಕ್ಕ ಬಿದ್ದು ಬಿದ್ದು ನಕ್ಕಳು. ಡಾಕ್ಟರು ಗ್ಲೌಸ್ ಹಾಕಿಕೊಂಡರು.

"ನಗು ಬರ್ಲಿಲ್ವಾ ಡಾಕ್ಟ್ರೇ?"

"ಬಾಯಿ ತೆಗೀರಿ."

"ಅದೊಂದು ನಂಗೆ ಚೆನ್ನಾಗಿ ಬರುತ್ತೆ."

ಎಕ್ಸ್‌ರೇಯಲ್ಲಿ ಹುಳುಕಿಲ್ಲ, ಬಿರುಕಿಲ್ಲ. ಬಾಯಿ ತೆರೆದುಕೊಂಡೇ ಆಕೆ ಮಾಸ್ಕಿನ ಮೇಲೆ, ದಪ್ಪ ಕನ್ನಡಕದ ಹಿಂದೆ ಕಾಣುವ ಅವರ ಕಣ್ಣುಗಳನ್ನು ನೋಡುತ್ತಿದ್ದಳು. ಅವರು ದೀಪವನ್ನು ಚೂರು ಆಕೆಯ ಕಣ್ಣಿನ ಕಡೆಗೆ ಸರಿಸಿದರು. ಆಕೆ ಕಣ್ಣು ಮುಚ್ಚಿಕೊಂಡಳು, ರೆಪ್ಪೆಯ ಅಡಿಯಲ್ಲಿ ನಗು ಮಾತ್ರ ಹಾಗೇ ಇತ್ತು.

ಮುಂದಿನ ವಾರ ಮತ್ತೆ ಬಂದಳು.

"ಕಿತ್ತುಬಿಡಿ ಅತ್ಲಾಗೆ."

"ಒಳ್ಳೆ ಹಲ್ಲು ಕೀಳಲ್ಲ."

"ವಿಚಿತ್ರ ನೋಡಿ, ಈ ಕುರ್ಚೀಲಿ ಐದು ನಿಮಿಷ ಕೂತ್ರೆ ನೋವು ಮಾಯ. ನಿಮ್ಮನ್ನ ಕಂಡ್ರೆ ಹಲ್ಲಿಗೆ ಭಯ. ಇಲ್ಲಾ ನಾಚಿಕೆ."

ಡಾಕ್ಟರು ಯೋಚಿಸಿದರು. "ಆ ಜಾಗಕ್ಕೆ ಜೋಮು ಹಿಡಿಸ್ತೀನಿ. ಆಮೇಲೂ ನೋವು ಬಂದ್ರೆ ಅದು ಹಲ್ಲಿನ ತಪ್ಪಲ್ಲ."

ಅರ್ಧ ತುಟಿ ಜೋತುಬಿತ್ತು. ಆಕೆ ಬಿಡಲಿಲ್ಲ. "ಪ್ರಯಾಣಿಕರ ಗಮನಕ್ಕೆ, ಡಾಕ್ತರ ನಗು ಅನಿರ್ದಿಷ್ತ ಕಾಲ ತದವಾಗಿ ಬರಲಿದೆ," ಎಂದು ಸೊಟ್ಟ ಬಾಯಲ್ಲೇ ಘೋಷಿಸಿ ಹೊರಟಳು. ಕೆಳಗಿಳಿದ ಮೇಲೆ, ಮೊಬೈಲನ್ನು ಕ್ಲಿನಿಕ್ಕಿನಲ್ಲೇ ಬಿಟ್ಟದ್ದು ನೆನಪಾಗಿ ಮತ್ತೆ ಹತ್ತಿ ಬಂದಳು.

ಬಾಗಿಲಲ್ಲಿ ನಿಂತವಳ ಹಣೆಯ ತುಂಬ ಬೆವರು. ಕೈ ದವಡೆಯ ಮೇಲೆ.

ಡಾಕ್ಟರು ಆಕೆಯನ್ನು ಕೂರಿಸಿ ಕೆನ್ನೆ ಮುಟ್ಟಿದರು. "ಇದು ಗೊತ್ತಾಗ್ತಿದೆಯಾ?"

"ಇಲ್ಲ. ಮರ ಆಗಿದೆ."

"ನೋವು?"

"ಅದು ಗೊತ್ತಾಗ್ತಿದೆ."

ಜೋಮು ಹಿಡಿದ ಜಾಗದಲ್ಲಿ ನೋವು. ಮೆಟ್ಟಿಲು ಹತ್ತಿದರೆ ಬರುತ್ತದೆ, ಕೂತರೆ ಹೋಗುತ್ತದೆ. ಅಂದರೆ ಈ ನೋವಿನ ಸ್ವಂತ ಮನೆ ಬೇರೆ, ದವಡೆಯಲ್ಲಿ ಬಾಡಿಗೆಗೆ ಇದೆ.

"ಇದು ಹಲ್ಲಲ್ಲ, ಹಾರ್ಟು. ಈಗಲೇ ಆಸ್ಪತ್ರೆಗೆ ಹೋಗ್ಬೇಕು."

ಆಕೆ ಅರ್ಧ ಮುಖದಲ್ಲಿ ನಕ್ಕಳು. "ಹಾರ್ಟ್ ಇರೋದು ಎದೇಲಿ ಡಾಕ್ಟ್ರೇ, ಬಾಯಲ್ಲಲ್ಲ. ಎದೆ ಹಿಡ್ಕೊಂಡು ಬೀಳೋದು ದಪ್ಪ ಹೊಟ್ಟೆ ಗಂಡಸ್ರು. ನಾನು ನಲವತ್ತೆಂಟು ಕೆ.ಜಿ. ಸಿಗರೇಟಿಲ್ಲ, ಬಿ.ಪಿ. ನಾರ್ಮಲ್ಲು."

"ಜೋರಾಗಿ ಕೆಮ್ಮಮ್ಮಾ!" ಅಕ್ಕ ಓಡಿ ಬಂದಳು. "ಕೆಮ್ಮಿದ್ರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತಂತೆ, ವಾಟ್ಸಾಪಲ್ಲಿ ಬಂದಿತ್ತು."

"ಅಕ್ಕಾ, ಕೆಮ್ಮಿಸಬೇಡ. ಆಂಬುಲೆನ್ಸ್ ಕರಿ."

"ನನ್ನ ಸಾಗಹಾಕೋಕೆ ಆಂಬುಲೆನ್ಸೇ ಬೇಕಾ? ನೋವು ಆಗ್ಲೇ ಹೋಯ್ತು, ಮನೆಗೆ ಹೋಗ್ತೀನಿ," ಎಂದು ಆಕೆ ಬ್ಯಾಗ್ ಎತ್ತಿಕೊಂಡಳು.

ಡಾಕ್ಟರು ಬಾಗಿಲಿಗೆ ಅಡ್ಡ ನಿಂತರು. ಯಾರಿಗೋ ವಿಳಾಸ ಹೇಳುವ ದನಿಯಲ್ಲಿ ಹೇಳಿದರು: "ನನ್ನ ಹೆಂಡತಿಗೆ ಎದೆನೋವು ಬರಲೇ ಇಲ್ಲ. ಬೆನ್ನುನೋವು, ಸುಸ್ತು, ವಾಕರಿಕೆ. ಗ್ಯಾಸು ಅಂದೆ. ಮಾತ್ರೆ ಕೊಟ್ಟು ಇಲ್ಲಿಗೆ ಬಂದೆ. ಸಂಜೆ ಹೋದಾಗ ಅವಳಿರಲಿಲ್ಲ."

ಫೋನ್ ಹಿಡಿದಿದ್ದ ಅಕ್ಕನ ಕೈ ನಿಂತಿತು. ಆರು ವರ್ಷದಲ್ಲಿ ತಮ್ಮ ಈ ಮಾತು ಆಡಿದ್ದು ಇದೇ ಮೊದಲು.

ಆಕೆ ಮೆಲ್ಲಗೆ ಕೂತಳು. "ನೀವೂ ಜೊತೆಗೆ ಬರ್ತೀರಾ?"

"ಬರ್ತೀನಿ."

ಆಂಬುಲೆನ್ಸಿನಲ್ಲಿ ಆಕೆಯ ಕೈ ಹಿಡಿದಾಗ ಗ್ಲೌಸ್ ಇನ್ನೂ ಬಿಚ್ಚಿಲ್ಲವೆಂದು ಡಾಕ್ಟರಿಗೆ ತಿಳಿಯಿತು. ಬಿಚ್ಚಿ ಮತ್ತೆ ಹಿಡಿದರು. ಕೈ ತಣ್ಣಗಿತ್ತು. ತಣ್ಣಗಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು.

ಒಂದು ರಕ್ತನಾಳ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಅಂದೇ ಸ್ಟೆಂಟ್ ಹಾಕಿದರು.

ಮರುದಿನ ಬೆಳಿಗ್ಗೆ ಡಾಕ್ಟರು ವಾರ್ಡಿನ ಹೊರಗಿನ ಬೆಂಚಿನಲ್ಲಿದ್ದರು. ಆಸ್ಪತ್ರೆಯ ನಂಬರಿನಿಂದ ಫೋನ್. ಮಾತಿಗೊಮ್ಮೆ 'ನೋಡಿ' ಎನ್ನುವ ಹಾರ್ಟ್ ಡಾಕ್ಟರ ಮೂಗಿನ ದನಿ.

"ನೋಡಿ, ಗಾಬರಿ ಬೇಡ. ಸ್ಟೆಂಟ್ ಚೆನ್ನಾಗಿ ಕೂತಿದೆ. ಆದ್ರೆ, ನೋಡಿ, ಒಳಗೆ ಇನ್ನೊಂದು ಬ್ಲಾಕ್ ಸಿಕ್ಕಿದೆ."

ಆರು ವರ್ಷ ಮುಖ ತೋರಿಸದ ಭಯ ಒಟ್ಟಿಗೇ ಬಂದು ಎದೆಯ ಮೇಲೆ ಕೂತಿತು. "ಎ... ಎಷ್ಟು ಪರ್ಸೆಂಟ್ ಡಾಕ್ಟರ್?"

"ನೂರಕ್ಕೆ ನೂರು. ನೋಡಿ, ಐದಡಿ ಎಂಟಂಗುಲ, ದಪ್ಪ ಕನ್ನಡಕ. ಎಷ್ಟು ತಳ್ಳಿದ್ರೂ ಜರುಗ್ತಿಲ್ಲ. ತೆಗೀಬೇಕೋ ಬಿಡ್ಬೇಕೋ, ನೀವೇ ಹೇಳ್ಬೇಕು."

ಅಷ್ಟರಲ್ಲಿ ನಿಜವಾದ ಹಾರ್ಟ್ ಡಾಕ್ಟರು ಎರಡೂ ಕೈ ತುಂಬ ಫೈಲು ಹಿಡಿದುಕೊಂಡು ಎದುರಿಗೇ ಬಂದರು. "ನೋಡಿ, ನಿಮ್ಮ ಪೇಷಂಟ್ ಆರಾಮಾಗಿದಾರೆ," ಎಂದು ಹೇಳಿ ಮುಂದೆ ನಡೆದರು.

ಹಲ್ಲು ಡಾಕ್ಟರು ಫೋನ್ ನೋಡಿದರು. ವಾರ್ಡಿನ ಗಾಜಿನೊಳಗೆ ನೋಡಿದರು. ನರ್ಸ್ ತಂದುಕೊಟ್ಟ ರಿಸೀವರನ್ನು ಕಿವಿಗಿಟ್ಟುಕೊಂಡು ಆಕೆ ಮಂಚದಲ್ಲಿ ಕೂತಿದ್ದಳು. ಮುಖದಲ್ಲಿ ತಮಾಷೆ ಇರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಳು.

"ತೆಗೀಬೇಡಿ," ಎಂದರು ಡಾಕ್ಟರು, ಆಕೆಯನ್ನೇ ನೋಡುತ್ತ. "ಜಾಗ ಇದ್ರೆ ಅಲ್ಲೇ ಇರ್ಲಿ."

"ನೋಡಿ..." ಮೂಗಿನ ದನಿ ನಡುವೆ ಒಡೆದು ಆಕೆಯದೇ ದನಿಯಾಯಿತು. "ಜಾಗ ಇದೆ ರೀ."

ಆ 'ರೀ' ಕಿವಿಗೆ ಬಿದ್ದದ್ದೇ ತಡ, ಡಾಕ್ಟರ ಗಂಟಲಿನಿಂದ ಬಿಕ್ಕಳಿಕೆಯಂಥದ್ದೇನೋ ಹೊರಬಿತ್ತು. ಹಿಂದೆಯೇ ಇನ್ನೊಂದು. ಒಳಗೆ ಆಕೆ ನಕ್ಕಳು, ನರ್ಸ್ ಸೆರಗು ಸಿಗದೆ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು, ಫ್ಲಾಸ್ಕ್ ಹಿಡಿದು ಬಂದ ಅಕ್ಕ ವಿಷಯ ತಿಳಿಯದೆಯೇ ನಕ್ಕಳು. ಎಲ್ಲರಿಗಿಂತ ಜೋರಾಗಿ ಹಲ್ಲು ಡಾಕ್ಟರು ನಗುತ್ತಿದ್ದರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, ಬೆಂಚು ಹಿಡಿದುಕೊಂಡು. ಕಾರಿಡಾರಿನ ಆ ತುದಿಯಲ್ಲಿ ಹಾರ್ಟ್ ಡಾಕ್ಟರು ಫೈಲುಗಳ ಸಮೇತ ಹಿಂತಿರುಗಿ ನಿಂತು, ಯಾರಪ್ಪಾ ಇದು ಎಂದು ನೋಡಿದರು.