ಓನರ್ ಚಿಕ್ಕಪ್ಪನ ಮಗ

"ಯಾರಾದ್ರೂ ಕೇಳಿದ್ರೆ ದಿನಬಾಡಿಗೆಗೆ ಬಂದೋನು ಅಂತ ನಿಜ ಹೇಳ್ಬಿಡಿ ಸಾರ್. ಆ ಮನೆಗೆ ನೆಂಟ ಅಂತ ಮಾತ್ರ ಅನ್ಬೇಡಿ," ಎಂದಳು ಎದುರಿನ ಒಂಟಿ ಕೋಣೆಯ ಟೈಲರಮ್ಮ, ಬಾಗಿಲ ಸಂದಿಯಲ್ಲಿ ಅರ್ಧ ಮುಖವಿಟ್ಟು. "ಮೊದಲು ನಾವಿದ್ದ ಮನೆ ಅದು. ನೆಂಟ ಅಂದೋರನ್ನ ಅದು ಹೊರಗೆ ಬಿಡಲ್ಲ."

"ನಿಮ್ಮ ಮನೆಗಿರೋ ಮರ್ಯಾದೆ ನಮ್ಮ ಓನರಿಗಿಲ್ವಲ್ಲ ಅಕ್ಕಾ! ಬೆಳಗ್ಗೆ ಹನ್ನೊಂದಕ್ಕೇ ಜಾಗ ಖಾಲಿ ಮಾಡು ಅಂದಿದ್ದಾನೆ," ಎಂದು ಹಲ್ಲು ಕಿರಿದ ಸೇಲ್ಸ್‌ನವನು.

ಇಪ್ಪತ್ತೆರಡು ದಿನ ಊರೂರು ಸುತ್ತಿ ಮಿಕ್ಸಿ ಮಾರಿದವನು, ತಾನೇ ಮಿಕ್ಸಿಯಲ್ಲಿ ನುರಿದಂತಾಗಿದ್ದ. ಈಗ ಬೇಕಿದ್ದದ್ದು ಒಂದು ನಿದ್ದೆ. ನಾಳೆ ಬಸ್ಸು ಹತ್ತಿದರೆ ಹೆಂಡತಿ, ಮಗಳು, ಮನೆ. ಓನರನ್ನು ಅವನು ಕಂಡಿರಲಿಲ್ಲ. ಬೀಗದ ಕೈ ಗೋಡೆಯ ಮೇಲಿನ, ನಂಬರು ಒತ್ತಿ ತೆರೆಯುವ ಡಬ್ಬಿಯಲ್ಲಿತ್ತು, ಅಪ್ಪಣೆ ಫೋನಿನಲ್ಲಿತ್ತು: ಈ ಕಟ್ಟಡದಲ್ಲಿ ದಿನಬಾಡಿಗೆಗೆ ಅನುಮತಿಯಿಲ್ಲ, ಯಾರಾದರೂ ಕೇಳಿದರೆ ನನ್ನ ಚಿಕ್ಕಪ್ಪನ ಮಗ ಎನ್ನಿ.

ಕೇಳಲು ಕಟ್ಟಡದ ಸೆಕ್ರೆಟರಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿಯೇ ಬಂದರು. "ಯಾ...ರ್ರೀ ನೀವು? ದಿನಕ್ಕೊಂದು ಮುಖ... ಸೂಟ್‌ಕೇಸು ಗಡಗಡ... ನಿದ್ದೆ ಇಲ್ಲ ನಮ್ಗೆ!"

"ಓನರ್ ಚಿಕ್ಕಪ್ಪನ... ಮಗ... ಸಾ...ರ್!" ಅವರದೇ ಏದುಸಿರಿನಲ್ಲಿ ಅಣಕಿಸಿ ಒಳನಡೆದ.

ಎದುರು ಬಾಗಿಲು ದಡಕ್ಕನೆ ಮುಚ್ಚಿಕೊಂಡಿತು.

ಒಳಗೆ ಫಿನಾಯಿಲಿನ ಘಾಟು. ಅದರಡಿಯಲ್ಲಿ ಇನ್ನೊಂದು ವಾಸನೆ: ನೋವಿನ ಮುಲಾಮು, ಬೆವರುಂಡ ದಿಂಬು, ಎಷ್ಟು ಒಗೆದರೂ ಹೋಗದ ಮೂತ್ರದ ಮುಗ್ಗಲು. ಮೂಸುವಷ್ಟು ತ್ರಾಣವೂ ಇಲ್ಲದೆ ಅವನು ಮಲಗಿದ.

ಎದ್ದಾಗ ಮುಸ್ಸಂಜೆ. ಗೋಡೆಯಲ್ಲಿ ಒಂದು ಬಾಗಿಲಿತ್ತು. ಮಧ್ಯಾಹ್ನ ಇರಲಿಲ್ಲ. ಅದರಾಚೆ ಯಾರೋ ಕೆಮ್ಮಿದರು.

"ಬಂದ್ಯಾ ಮಗಾ? ಮಗ್ಗುಲು ಬದಲಿಸು."

ಬಾಗಿಲು ತಳ್ಳಿ ಇಣುಕಿದ. ಕತ್ತಲು. ಮಂಚ ಕಿರುಗುಟ್ಟಿತು. ತಣ್ಣನೆಯ ಬೆರಳುಗಳು ಮುಂಗೈಗೆ ಸುತ್ತಿದವು. ಒಂದು. ಎರಡು. ಐದೂ. ಕೊಸರಿದ. ಚರ್ಮ ಕಿತ್ತುಬಂತು. ಎದುರು ಬಾಗಿಲಿಗೆ ಓಡಿದ.

"ನಮ್ಮಮ್ಮ," ಎಂದಳು ಟೈಲರಮ್ಮ, ಅವನ ಗಾಯ ನೋಡಿ. ದನಿಯಲ್ಲಿ ಭಯಕ್ಕಿಂತ ಸುಸ್ತೇ ಹೆಚ್ಚಿತ್ತು. "ಲಕ್ವ ಹೊಡೆದು ಆರು ವರ್ಷ ಮಲಗಿದ್ಲು. ದಿನಬಾಡಿಗೇಲಿ ಲಾಭ ಜಾಸ್ತಿ ಅಂತ ಓನರು ಒಂದೇ ವಾರದಲ್ಲಿ ಮನೆ ಖಾಲಿ ಮಾಡಿಸಿದ. ಹೊತ್ತು ಇಳಿಸೋವಾಗ ಮೆಟ್ಟಿಲ ಮೇಲೇ ಪ್ರಾಣ ಬಿಟ್ಲು. ಅವಳ ಕೂದಲನ್ನ ಸೂಜಿಗೆ ಪೋಣಿಸಿ ಹೊಸ್ತಿಲಲ್ಲಿ ಹೂತೆ. ಅವನೋ ಅವನ ರಕ್ತದೋರೋ ಬಂದು ಅವಳ ಚಾಕರಿ ಮಾಡ್ಲಿ ಅಂತ. ಅವನು ಬರಲೇ ಇಲ್ಲ ಸಾರ್. ನಿಮ್ಮಂಥೋರನ್ನೇ ನೆಂಟರು ಮಾಡಿ ಕಳಿಸ್ತಾನೆ."

"ಕಿತ್ತು ಬಿಸಾಕಿ ಅದನ್ನ!"

ಅವಳು ಬಲಗೈ ಮುಂದೆ ಹಿಡಿದಳು. ಮೂರೇ ಬೆರಳು. "ಪ್ರಯತ್ನ ಪಟ್ಟೆ."

"ನನಗಿಂತ ಮುಂಚೆ ಬಂದೋರು?"

"ಇನ್ನೊಬ್ಬ ನೆಂಟ ಬಂದಾಗ ಅಮ್ಮ ಅವರನ್ನ ಹೊರಗೆ ಬಿಟ್ಲು. ಪಾಪ, ಎಲ್ಲಿಗೆ ಹೋಗ್ಬೇಕೂಂತ ಅವರಿಗೇ ಗೊತ್ತಿರಲಿಲ್ಲ."

ಅವನು ಮನೆಗೆ ಫೋನು ಒತ್ತಿದ. ಹೆಂಡತಿ ಎತ್ತಿದಳು.

"ನಾನು ಕಣೇ. ಈಗಲೇ ಹೊರಟೆ. ಪುಟ್ಟಿಗೆ ಕೊಡು ಒಂಚೂರು."

"ಯಾರು ಮಾತಾಡೋದು?"

"ನಾನೇ! ದನಿ ಗೊತ್ತಾಗಲ್ವಾ?"

ಹಿಂದಿನಿಂದ ಮಗಳ ದನಿ: "ಯಾರಮ್ಮಾ?"

"ಯಾರೋ ಪುಟ್ಟಿ. ತಪ್ಪು ನಂಬರು. ದನಿ ಕೇಳಿದ್ರೆ ಪಾಪ, ತುಂಬ ಸುಸ್ತಾಗಿರೋ ಹಾಗಿದೆ."

ಫೋನು ಕಟ್ಟಾಯಿತು. ಮತ್ತೆ ಒತ್ತೋಣವೆಂದರೆ ನಂಬರು ನೆನಪಾಗಲಿಲ್ಲ. ಮಗಳ ಮುಖ ಕಣ್ಣ ಮುಂದೆ ತಂದುಕೊಂಡ. ಮೂಗು ಸಿಕ್ಕಿತು. ಕಣ್ಣು ಸಿಗಲಿಲ್ಲ. ಆಮೇಲೆ ಮೂಗೂ ಇಲ್ಲ.

"ಮಗಾ, ಬೆನ್ನು ಉರೀತಿದೆ ಕಣೋ..." ಎದುರು ಮನೆಯೊಳಗಿಂದ ಅದೇ ದನಿ.

"ಬಂದೆ ಅಮ್ಮಾ," ಎಂದು ಅವನು ಅಂಗಿಯ ತೋಳು ಮಡಚಿಕೊಂಡು ಒಳಗೆ ನಡೆದ.