ಕಲ್ಲಿನಾಥನ ಕೆಂಪು ಕಾರು

ಡಿಸೆಂಬರ್ ಮೂವತ್ತೊಂದು, ಬೆಳಿಗ್ಗೆ ಹತ್ತೂವರೆ. ಜೇವರ್ಗಿ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್ ಗೌಸಮೊಹಿದ್ದೀನ ಹಿಡಿದ ಪೆನ್ನು ಕೆಳಗಿಟ್ಟ. ಕಾರು ಕಳವಾಗಿದ್ದರೆ ಸಲೀಸಾಗಿ ಬರೆದುಕೊಳ್ಳಬಹುದಿತ್ತು. ಇಲ್ಲಿ ಕಾರು ನಿಲ್ಲಿಸಿದಲ್ಲೇ ಇತ್ತು, ಅದರ ಸ್ಟೇರಿಂಗ್ ಮಾತ್ರ ಇರಲಿಲ್ಲ.

ದೂರು ತಂದವನು ಮಲ್ಲಣ್ಣ. ಕಲಬುರಗಿಯಲ್ಲಿ ತೊಗರಿ ಬೇಳೆ ಮಿಲ್ಲಿನ ಮಾಲೀಕ, ಭೀಮಾ ಕ್ಲಾಸಿಕ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಅಧ್ಯಕ್ಷ. ಆ ಕ್ಲಬ್ಬಿನ ಕಾರುಗಳೆಲ್ಲ ಐವತ್ತು ದಾಟಿದ ವಿಲಾಯತಿ ಗಾಡಿಗಳು. ಎರಡೇ ಸೀಟು, ಮೇಲೆ ಸೂರಿಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಸಂಸಾರಸ್ಥರಿಗೆ ಆಗಿಬರುವ ಕಾರುಗಳಲ್ಲ. ಆದರೂ ಸಂಸಾರಸ್ಥರೇ ಅವನ್ನು ಒರೆಸಿ, ತೊಳೆದು, ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡಿ ಇಟ್ಟುಕೊಂಡಿದ್ದರು. ಅವರ ಸವಾರಿಗಳು ಹಬ್ಬ ನೋಡಿಕೊಂಡು ಹೊರಡುತ್ತಿದ್ದವು. ಸಂಕ್ರಾಂತಿಗೆ ಅಫಜಲಪುರದ ಕಡೆಯ ಭೀಮಾ ದಂಡೆ, ಆಯುಧಪೂಜೆಗೆ ಆಳಂದ, ವರ್ಷದ ಕೊನೆಗೆ ಎಳ್ಳಮಾವಾಸ್ಯೆಯಂದು ಜೇವರ್ಗಿ ಹತ್ತಿರದ ಮಲ್ಲಣ್ಣನ ಹೊಲ.

ಒಳಗೆ ಕುಳಿತಿದ್ದ ಪಿಎಸ್‌ಐ ಪಂಚಶೀಲಾ ಎದ್ದು ಹೊರಗೆ ಬಂದಳು. ವಿಚಿತ್ರ ಕೇಸು ಬಂದರೆ ಬೇರೆಯವರಿಗೆ ತಲೆನೋವು ಬರುತ್ತದೆ, ಅವಳಿಗೆ ಹಸಿವಾಗುತ್ತದೆ.

“ಕುಂದರ್ರಿ. ಮೊದಲಿನಿಂದ ಹೇಳ್ರಿ.”

“ನಿನ್ನಿ ಹೊಲ್ದಾಗ ಊಟ ಇತ್ರಿ ಮೇಡಂ. ಕಾರೆಲ್ಲ ರೋಡಿನ ಬಾಜೂಕ ಬೇವಿನ ಗಿಡದ ಬುಡಕ್ಕ ನಿಲ್ಸಿದ್ದಿವಿ. ಎಲ್ಲಾರೂ ಕೂಡಿ ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ಲಾಕ ಹೋದಿವಿ, ಹೊಲಾ ಪೂರಾ ಸುತ್ತಿ ಬಂದು ಉಂಡಿವಿ. ಮಂದಿ ಜಾಸ್ತಿ ಆಗಿ ಸಜ್ಜಿ ರೊಟ್ಟಿ ಸೈತ ಕಡಿಮಿ ಬಿದ್ವು. ಆಮ್ಯಾಲ ಅಲ್ಲೇ ಅಡ್ಡಾದಿವಿ. ಐದಕ್ಕ ಹೊಂಡಾಕ ಹೋದ್ರ ನನ್ನ ಕಾರಿನ ಸ್ಟೇರಿಂಗ್ ಮಾಯ!”

“ಯಾರ ಮ್ಯಾಲರ ಸಂಶಯ?”

“ಸಂಶಯ ಏನ್ ಬಂತ್ರಿ, ಖಾತ್ರಿನೇ ಅದ. ಆಫ್ತಾಬ, ನಮ್ಮ ಕ್ಲಬ್ಬಿನ ಮೆಕ್ಯಾನಿಕ್. ಅದನ್ನ ಬಿಚ್ಚೂದು ಅವನಿಗೆ ಬಿಟ್ರ ಯಾರಿಗೆ ಬರ್ತದ? ನಡುವ ಬೈಕ್ ತಗೊಂಡು ಅರ್ಧಾ ತಾಸು ಹೋಗಿದ್ದ. ಅವನ ಹೆಸರು ಬರಕೋರಿ.”

“ಎಲ್ಲಿಗೆ ಹೋಗಿದ್ದ?”

“ಶಿವಕಾಂತಾ ವೈನಿಗೆ ಬಸ್‌ಸ್ಟ್ಯಾಂಡಿಗೆ ಬಿಡಾಕ. ನಮ್ಮ ಕ್ಲಬ್ ಕಟ್ಟಿದ ಕಲ್ಲಿನಾಥನ ಹೆಂಡ್ತಿ. ಅಂವ ಹೋಗಿ ಎರಡು ವರ್ಷ ಆತು. ಪ್ರತಿ ಸವಾರಿಗೂ ವೈನೀನ ಕರದು ಶಾಲು ಹೊದಿಸ್ತೇವಿ.” ಮಲ್ಲಣ್ಣ ನಿಟ್ಟುಸಿರುಬಿಟ್ಟ. “ಈ ವರ್ಷ ನಮ್ಮ ಕ್ಲಬ್ಬಿಗೆ ಯಾರ ಕಣ್ಣು ಬಿತ್ತೋ. ಸಂಕ್ರಾಂತಿಗೆ ಗುರುಶಾಂತನ ಲ್ಯಾಂಪ್ ಹೋತು, ಆಯುಧಪೂಜಿಗೆ ಸಿದ್ದರಾಮೇಶನ ಸ್ಪೀಡ್ ಮೀಟರ್ ಹೋತು. ಸಣ್ಣ ಸಾಮಾನು ಅಂತ ಸುಮ್ನ ಇದ್ದಿವಿ.”

ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಪಂಚಶೀಲಾ ‘ಅಪರಿಚಿತ’ ಎಂದೇ ಬರೆಸಿದಳು. ಮಲ್ಲಣ್ಣನ ಮುಖ ಗಂಟಾಯಿತು. ಆಗಲಿ ಎಂದುಕೊಂಡಳು. ಒಮ್ಮೆ ಎಫ್‌ಐಆರ್‌ನಲ್ಲಿ ಹೆಸರು ಬಿದ್ದರೆ ಆಫ್ತಾಬನ ಗ್ಯಾರೇಜಿಗೆ ಮರುದಿನದಿಂದ ಸೈಕಲ್ಲೂ ಬರುವುದಿಲ್ಲ.

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಪಂಚನಾಮೆ ನಡೆಯಿತು. ಸ್ಟೇರಿಂಗ್ ಇರಬೇಕಾದಲ್ಲಿ ಬೋಳು ಕಬ್ಬಿಣದ ಸರಳೊಂದು ನಿಂತಿತ್ತು. ಬಿಚ್ಚಿದ ನಟ್ಟನ್ನು ಕಳ್ಳ ಎಸೆದಿರಲಿಲ್ಲ, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟಿದ್ದ. ಅದೇ ಗೂಡಿನಲ್ಲಿ ಮಲ್ಲಣ್ಣನ ಬೆಲೆಬಾಳುವ ಕೈಗಡಿಯಾರವಿತ್ತು. ಅದನ್ನು ಮುಟ್ಟಿರಲಿಲ್ಲ. ಹಾರ್ನಿನ ವಾಯರ್ ತುಂಡಾಗಿ ಹೊರಗೆ ಇಣುಕುತ್ತಿತ್ತು, ಅದರ ತುದಿಗೆ ಹಳೆ ಸೀರೆಯ ಚೂರು ಸುತ್ತಿ ಗಂಟು ಹಾಕಿತ್ತು.

“ಇದೇನ್ರಿ ಮೇಡಂ, ಗಾಯಕ್ಕ ಪಟ್ಟಿ ಕಟ್ಟಿದಂಗ?” ಎಂದ ಗೌಸಮೊಹಿದ್ದೀನ.

“ಶಾರ್ಟ್ ಆಗಿ ಗಾಡಿ ಸುಡಬಾರದು ಅಂತ ಕಟ್ಯಾರ. ಕಳ್ಳಗ ಗಾಡಿ ಮ್ಯಾಲ ಕಾಳಜಿ ಅದ.” ಪಂಚಶೀಲಾ ಬಗ್ಗಿ ನೋಡಿದಳು. “ಆಫ್ತಾಬ ಆಗಿದ್ರ ಟೇಪ್ ಸುತ್ತತಿದ್ದ. ಮೆಕ್ಯಾನಿಕ್ ಕಿಸೆದಾಗ ಅದು ಇದ್ದೇ ಇರ್ತದ.”

ಆ ಗಂಟು ಅವಳಿಗೆ ಹೊಸದಲ್ಲ. ಅವಳ ಅವ್ವ ಹಳೆ ಸೀರೆಗಳ ಕೌದಿ ಹೊಲಿಯುವವಳು. ದಾರ ಮುಗಿದಾಗ ಎರಡು ಸುತ್ತು ಸುತ್ತಿ, ಕೊನೆಯನ್ನು ಒಳಗೆ ತೂರಿಸಿ ಎಳೆಯುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಕಳ್ಳ ಎಂದು ಬರೆಸುತ್ತಿದ್ದವಳು ಮನಸ್ಸಿನಲ್ಲಿ ಕಳ್ಳಿ ಎಂದು ತಿದ್ದಿಕೊಂಡಳು. ಗಂಟನ್ನು ಹಾಗೇ ಕತ್ತರಿಸಿ ಲಕೋಟೆಗೆ ಹಾಕಿ ಮೊಹರು ಮಾಡಿದಳು.

ಸಂಜೆ ಆಫ್ತಾಬ ತಾನೇ ಠಾಣೆಗೆ ಬಂದ. ಸುದ್ದಿ ಆಗಲೇ ಅವನ ಕಿವಿಗೆ ಬಿದ್ದಿತ್ತು, ಮುಖ ಇಳಿದುಹೋಗಿತ್ತು.

“ಬೈಕ್ ಮ್ಯಾಲ ಏನೇನು ಒಯ್ದಿ?”

“ಶಿವಕಾಂತಾ ಅಕ್ಕಾರು ಮತ್ತ ಅವರ ರೊಟ್ಟಿ ಬುಟ್ಟಿ. ಅಷ್ಟೇ ರೀ.”

“ಬುಟ್ಟಿ ನೀ ಮುಟ್ಟಿದ್ದೇನು?”

“ಇಲ್ರಿ. ಕೊಡ್ರಿ ಮುಂದ ಇಟ್ಕೋತೇನಿ ಅಂದೆ. ಬ್ಯಾಡಪಾ ಅಂದು ತೊಡಿ ಮ್ಯಾಲೇ ಇಟ್ಕೊಂಡ್ರು.”

“ಹೋಗು. ಗ್ಯಾರೇಜ್ ತಗದು ಕೆಲ್ಸ ಮಾಡು. ಯಾರರ ಏನರ ಅಂದ್ರ ಜೇವರ್ಗಿ ಮೇಡಂಗ ಕೇಳ್ರಿ ಅನ್ನು.”

ಜನವರಿ ಒಂದರಂದು ಪಂಚಶೀಲಾ ಗೌಸಮೊಹಿದ್ದೀನನ ಜೊತೆ ಅಫಜಲಪುರದಲ್ಲಿದ್ದಳು. ಗುರುಶಾಂತ ಅಲ್ಲಿಯ ವಕೀಲ. ಮನೆಯ ಮುಂದೆ ಅವನ ಹಸಿರು ಕಾರು ನಿಂತಿತ್ತು. ಬಲಗಡೆಯ ಹೆಡ್‌ಲ್ಯಾಂಪು ಹಳೆಯದು, ಎಡಗಡೆಯದು ಮೊನ್ನೆ ಮೊನ್ನೆ ಹಾಕಿಸಿದ್ದು.

“ಎರಡು ಲ್ಯಾಂಪಿನಾಗ ಒಂದೇ ಯಾಕ ಒಯ್ದಾರ್ರಿ ವಕೀಲ್ರ?”

“ಟೈಮ್ ಸಿಕ್ಕಿರಲಿಕ್ಕಿಲ್ಲ.”

“ನಿಮ್ಮ ಕಾರಿಗೆ ಎರಡೂ ಒಂದೇ ಸಲ ಬಂದವೇನು?”

“ಇಲ್ರಿ. ಕಳುವಾದ ಎಡಗಡೀದು ಕಲ್ಲಿನಾಥನ ಕೆಂಪು ಕಾರಿಂದು. ಅಂವ ತೀರಿಕೊಂಡ ಮ್ಯಾಲ ನಾವು ಮೂವರು ಗೆಳೆಯಾರು ಅವನ ನೆನಪಿಗೆ ಅಂತ ಒಂದೊಂದು ಭಾಗ ತಗೊಂಡು ನಮ್ಮ ಕಾರಿಗೆ ಹಾಕ್ಕೊಂಡಿವಿ. ಕಲ್ಲಿನಾಥ ಪ್ರತಿ ಸವಾರಿಗೂ ನಮ್ಮ ಸಂಗಟ ಬರ್ತಾನ ಅಂತ.”

ಪಂಚಶೀಲಾ ಅಂಗಳದಲ್ಲೇ ನಿಂತು ಆಳಂದದ ಸಿದ್ದರಾಮೇಶನಿಗೆ ಫೋನ್ ಮಾಡಿದಳು. ಅವನ ಮೀಟರೂ ಕಲ್ಲಿನಾಥನದೇ. ಮಲ್ಲಣ್ಣನಿಗೆ ಮಾಡಿದಳು. ಸ್ಟೇರಿಂಗೂ ಅಷ್ಟೇ. ಅದನ್ನು ದೂರಿನಲ್ಲಿ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಎಂದ.

“ಒಯ್ಯೂ ಮುಂದ ಶಿವಕಾಂತಾ ಅವ್ರಿಗೆ ಕೇಳಿದ್ರೇನು?” ಎಂದಳು ಗುರುಶಾಂತನ ಕಡೆ ತಿರುಗಿ.

“ಅವರ ಭಾವ ಒಯ್ರಿ ಅಂದ್ರು. ವೈನಿ ಒಳಗ ಮಲಗಿದ್ರು. ಬ್ಯಾಡ ಅಂತೂ ಅನಲಿಲ್ಲ.”

“ಅವರು ನಿಮ್ಮ ಕ್ಲಬ್ಬಿನ ಮೆಂಬರಾ?”

“ಹೋದ ವರ್ಷ ಕೇಳಿದ್ರು. ಓಡೋ ಕಾರು ಇದ್ದವ್ರಿಗಷ್ಟೇ ಮೆಂಬರ್‌ಶಿಪ್ ರೀ, ಕಲ್ಲಿನಾಥನೇ ಮಾಡಿದ ರೂಲು. ನೀವು ಗೆಸ್ಟ್ ಅಂತ ಬರ್ರಿ ವೈನಿ ಅಂದಿವಿ. ಅವರ ಕಾರಿಗೆ ಈಗ ಏನದ್ರಿ? ಡಬ್ಬಾ ಉಳದದ ಅಷ್ಟೇ.”

ವಕೀಲನಾಗಿದ್ದೂ ಅವನಿಗೆ ತನ್ನ ಮಾತಿನ ಅರ್ಥ ಹೊಳೆಯಲಿಲ್ಲ. ಪಂಚಶೀಲಾ ಅವನ ಫೋನಿನಲ್ಲಿದ್ದ ಎಳ್ಳಮಾವಾಸ್ಯೆಯ ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಊಟದ ಹೊತ್ತಿನ ಫೋಟೋದಲ್ಲಿ ಶಿವಕಾಂತಾಳ ಬುಟ್ಟಿ ಬರಿದಾಗಿ ಚಾಪೆಯ ಮೇಲಿತ್ತು. ಶಾಲು ಹೊದಿಸಿ ಕಳಿಸಿಕೊಡುವ ಫೋಟೋದಲ್ಲಿ ಅದೇ ಬುಟ್ಟಿ ಬಿಳಿ ಅರಿವೆಯ ಕೆಳಗೆ ದುಂಡಗೆ ತುಂಬಿಕೊಂಡಿತ್ತು.

“ಗೌಸ್ ಸಾಹೇಬ್ರ, ರೊಟ್ಟಿ ಕಡಿಮಿ ಬಿದ್ವು ಅಂದಿದ್ರಲ್ಲ ಮಲ್ಲಣ್ಣ?”

“ಹೌದ್ರಿ.”

“ಮತ್ತ ಈ ಬುಟ್ಟಿಯಾಗ ಏನದ?”

ಗೌಸಮೊಹಿದ್ದೀನ ಎರಡೂ ಕೈಯಿಂದ ಗಾಳಿಯಲ್ಲಿ ಒಂದು ರೊಟ್ಟಿಯ ಸುತ್ತಳತೆ ತೋರಿಸಿದ. ಆಮೇಲೆ ಅದೇ ಕೈಗಳಿಂದ ಸ್ಟೇರಿಂಗ್ ಹಿಡಿದಂತೆ ತಿರುಗಿಸಿ ನೋಡಿಕೊಂಡ. “ಯಾ ಅಲ್ಲಾ,” ಎಂದ.

ಮರುದಿನ ಅವರು ಆಳಂದ ತಾಲ್ಲೂಕಿನ ನರೋಣಾಕ್ಕೆ ಹೋದರು. ಊರಿನ ಠಾಣೆಗೆ ತಿಳಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ಹನ್ನೊಂದಕ್ಕೆ ಮನೆ ಮುಟ್ಟಿದರು. ಹಿತ್ತಲಿನ ತಗಡಿನ ಶೆಡ್ಡಿನ ಬಾಗಿಲು ತೆರೆದೇ ಇತ್ತು. ಐವತ್ತರ ಆಸುಪಾಸಿನ ಹೆಂಗಸು ಸೆರಗನ್ನು ಸೊಂಟಕ್ಕೆ ಬಿಗಿದು, ಮೊಣಕೈವರೆಗೆ ಆಯಿಲ್ ಮೆತ್ತಿಕೊಂಡು ಕೆಂಪು ಕಾರಿನ ಮುಂದೆ ನಿಂತಿದ್ದಳು. ಕಾರಿಗೆ ಎರಡೂ ಲ್ಯಾಂಪುಗಳಿದ್ದವು, ಮೀಟರಿತ್ತು, ತೇಗದ ಕಟ್ಟಿಗೆಯ ಸ್ಟೇರಿಂಗೂ ಇತ್ತು.

ಶಿವಕಾಂತಾ ಖಾಕಿ ನೋಡಿ ಗಾಬರಿಯಾಗಲಿಲ್ಲ. “ಕೇಳಾಕ ಬಂದೀರೋ, ತಗೊಂಡು ಹೋಗಾಕ ಬಂದೀರೋ?”

“ಕೇಳಾಕ.”

“ಹಂಗಾದ್ರ ಕುಂದರ್ರಿ. ಇಲ್ಲೀತನಕ ಕೇಳಾಕ ಯಾರೂ ಬಂದಿದ್ದಿಲ್ಲ.”

ಪಂಚಶೀಲಾ ಕಟ್ಟೆಯ ಮೇಲೆ ಕುಳಿತಳು. “ಸ್ಟೇರಿಂಗ್ ಎಲ್ಲಿಂದ ಬಂತು?”

“ಮೊದಲು ಎಲ್ಲಿತ್ತೋ ಅಲ್ಲಿಗೇ ಬಂದದ.”

“ಮಲ್ಲಣ್ಣ ಆಫ್ತಾಬನ ಹೆಸರು ಹೇಳ್ಯಾರ.”

ಅಷ್ಟು ಹೊತ್ತು ಗಟ್ಟಿಯಾಗಿದ್ದ ಅವಳ ಮುಖ ಈಗ ಕದಡಿತು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟಳು. “ಆಫ್ತಾಬಂದು? ಬರಕೋರಿ, ಮೂರೂ ನಾನೇ ತಗೊಂಡೀನಿ. ಲ್ಯಾಂಪು, ಮೀಟರು ಬ್ಯಾಗಿನಾಗ ತಂದೆ. ಮೊನ್ನಿ ಅವರೆಲ್ಲ ಚರಗ ಚೆಲ್ಲಾಕ ಹೋದಾಗ ನಾ ಮೊಣಕಾಲು ನೋವು ಅಂತ ಕಾರಿನ ಹಂತ್ಯಾಕ ಕುಂತೆ. ಬಿಚ್ಚಿದ್ದನ್ನ ಗಿಡದ ಹಿಂದ ಹುಲ್ಲಿನಾಗ ಮುಚ್ಚಿಟ್ಟು, ಉಂಡ ಮ್ಯಾಲ ಬುಟ್ಟಿಗೆ ಹಾಕ್ಕೊಂಡೆ. ಆ ಹುಡುಗ ಪಾಪ, ರೊಟ್ಟಿ ಮುರದಾವು ಅಂತ ತಗ್ಗಿನಾಗ ಸೈತ ಹಗೂರಕ ಗಾಡಿ ಹೊಡದ.”

“ಕೇಳಿದ್ರ ಅವರೇ ಕೊಡ್ತಿದ್ದಿಲ್ಲೇನ್ರಿ ಅಕ್ಕಾರ?”

“ಕೇಳಿದೆ. ಕೊಟ್ಟದ್ದು ತಿರುಗಿ ಕೇಳಬಾರದು ವೈನಿ ಅಂದ್ರು. ಕೊಟ್ಟಾಕಿ ನಾ ಅಲ್ಲ. ನಮ್ಮ ಯಜಮಾನ್ರಿಗೆ ಮಣ್ಣು ಕೊಟ್ಟು ವಾರ ಆಗಿದ್ದಿಲ್ಲ, ನಾ ಒಳಗ ಮಲಗಿದ್ದೆ, ಹೊರಗ ಪಾನಾ ಸಪ್ಪಳ ಕೇಳಾಕತ್ತಿತ್ತು. ಅವರೇ ಎದ್ದು ಕೆಲ್ಸಾ ಮಾಡಾಕತ್ತಾರೇನೋ ಅಂತ ಒಂದು ಗಳಿಗಿ ಅನಸ್ತು.” ಅವಳು ಕಾರಿನ ಬಾಗಿಲ ಮೇಲೆ ಕೈಯಿಟ್ಟಳು. “ಎಲ್ಲಾರೂ ಕಲ್ಲಿನಾಥನ ಕಾರು ಅಂತಾರ. ಇಬ್ರೂ ಕೂಡಿ ಆರು ವರ್ಷ ಕಟ್ಟೀವ್ರಿ ಇದನ್ನ. ಸೀಟು ಹೊಲದಾಕಿ ನಾನು, ಕಾರ್ಬುರೇಟರ್ ಬಿಚ್ಚಿ ತೊಳದಾಕಿ ನಾನು, ಆ ಸ್ಟೇರಿಂಗಿಗೆ ಅಗಸಿ ಎಣ್ಣಿ ತಿಕ್ಕಿದಾಕಿ ನಾನು. ಎಲ್ಲಾ ಸವಾರಿಯಾಗೂ ಶಾಲು ಹೊದಿಸಿ, ಕಲ್ಲಿನಾಥ ನಮ್ಮ ಸಂಗಟ ಇದ್ದಾನ ಅಂತ ಭಾಷಣ ಮಾಡವ್ರು. ನಾ ಅಲ್ಲೇ ಕುಂತಿರ್ತಿದ್ದೆ. ನಾ ಸಂಗಟ ಇದ್ದೀನಿ ಅಂತ ಒಬ್ರೂ ಅನಲಿಲ್ಲ. ಈ ಸಂಕ್ರಾಂತಿಗೆ ನನ್ನ ಕಾರು ನಾ ನಡಸ್ಕೊಂಡು ಭೀಮಾ ದಂಡಿಗೆ ಹೋಗೂದಿತ್ತು. ಗೆಸ್ಟ್ ಆಗಿ ಅಲ್ಲ.”

ಪಂಚಶೀಲಾ ಎದ್ದು ಕಾರಿನ ಸುತ್ತ ಒಂದು ಸುತ್ತು ಬಂದಳು. ಇವಳು ತಪ್ಪು ಮಾಡಿದ್ದಾಳೆ ಎಂಬುದೂ ನಿಜ, ಇವಳಿಗೆ ಮೊದಲು ಅನ್ಯಾಯ ಮಾಡಿದವರ ಮೇಲೆ ಯಾವ ಕಲಮೂ ಇಲ್ಲ ಎಂಬುದೂ ನಿಜ. ಆದರೆ ಕೇಸು ಕೇಸೇ. ಯಾವುದು ಯಾರದೆಂದು ಕೋರ್ಟು ಹೇಳಬೇಕು. ದಸ್ತಗಿರಿಯ ಕಾರಣ ತಿಳಿಸಿದಳು, ಸಹಿ ಪಡೆದಳು, ಕೈ ತೊಳೆದುಕೊಂಡು ಸೀರೆ ಬದಲಿಸಲು ಸಮಯ ಕೊಟ್ಟಳು.

ಗೌಸಮೊಹಿದ್ದೀನ ಪಾನಾ ಎತ್ತಿಕೊಂಡ. “ಮೂರೂ ಸಾಮಾನು ಬಿಚ್ಚಿ ಜಪ್ತಿ ಮಾಡೂದೇನ್ರಿ ಮೇಡಂ?”

ಒಳಗಿನಿಂದ ಬರುತ್ತಿದ್ದ ಶಿವಕಾಂತಾ ಬಾಗಿಲಲ್ಲೇ ನಿಂತುಬಿಟ್ಟಳು. ಪೊಲೀಸರಿಗೆ ಹೆದರದವಳು ಆ ಪಾನಾಕ್ಕೆ ಹೆದರಿದ್ದು ಪಂಚಶೀಲಾಳಿಗೆ ಕಂಡಿತು.

“ಕೆಳಗಿಡ್ರಿ ಅದನ್ನ. ಬಿಚ್ಚೂದು ಬ್ಯಾಡ. ಇಡೀ ಗಾಡಿ ಜಪ್ತಿ.”

“ಹ್ಯಾಂಗ ಒಯ್ಯೂದ್ರಿ? ಇದರಾಗ ನನ್ನ ಕಾಲೇ ಹಿಡ್ಸಂಗಿಲ್ಲ.”

ಪಂಚಶೀಲಾ ಶಿವಕಾಂತಾಳ ಕಡೆ ನೋಡಿದಳು. “ಓಡತದೇನ್ರಿ ಅಕ್ಕಾರ?”

“ಶೆಡ್ಡಿನಾಗ ಚಾಲೂ ಮಾಡೀನಿ. ರೋಡಿಗೆ ಇನ್ನಾ ಇಳಿಸಿಲ್ಲ.”

“ಇವತ್ತು ಇಳಿಸ್ರಿ.”

ಮುಂದೆ ಗೌಸಮೊಹಿದ್ದೀನನ ಜೀಪು, ಹಿಂದೆ ಕೆಂಪು ಕಾರು. ಆರೋಪಿ ಸ್ಟೇರಿಂಗ್ ಹಿಡಿದಿದ್ದಳು, ತನಿಖಾಧಿಕಾರಿ ಟೋಪಿ ಹಾರದಂತೆ ತೊಡೆಯ ಮೇಲೆ ಒತ್ತಿಕೊಂಡು ಪಕ್ಕದಲ್ಲಿ ಕುಳಿತಿದ್ದಳು. ನಿಯಮ ಬಲ್ಲವರು ಇದನ್ನು ಒಪ್ಪಲಿಕ್ಕಿಲ್ಲ. ಮೇಲಿನವರು ಕೇಳಿದರೆ ಉತ್ತರ ಕೊಡುವ ಧೈರ್ಯ ಪಂಚಶೀಲಾಳಿಗಿತ್ತು. ಮೊದಲ ಒಂದಷ್ಟು ದೂರ ಗೇರು ಬದಲಿಸುವಾಗೆಲ್ಲ ಶಿವಕಾಂತಾ ತುಟಿ ಕಚ್ಚುತ್ತಿದ್ದಳು. ತೊಗರಿ ಹೊಲಗಳ ನಡುವಿನ ನೇರ ರಸ್ತೆ ಬಂದ ಮೇಲೆ ಕಚ್ಚುವುದನ್ನು ಬಿಟ್ಟಳು. ಕಲಬುರಗಿ ದಾಟುವಾಗ ಅವಳು ಅಳುತ್ತಿದ್ದಳು, ಕಾರು ಮಾತ್ರ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಜಪ್ತಿ ಮಾಲು ಗುರುತಿಸಲು ಮಲ್ಲಣ್ಣ ಮತ್ತು ಗುರುಶಾಂತ ಜೇವರ್ಗಿ ಠಾಣೆಯ ಮುಂದೆ ಕಾಯುತ್ತಿದ್ದರು. ಕಾರು ಕಾಣುವ ಮೊದಲೇ ಅದರ ಸದ್ದು ಕೇಳಿ ಮಲ್ಲಣ್ಣ ಕುರ್ಚಿಯಿಂದೆದ್ದ. “ಕಲ್ಲಿನಾಥನ ಗಾಡಿ,” ಎಂದ.

ಪಂಚಶೀಲಾ ಇಳಿದು, ಪಂಚನಾಮೆಗೆ ಕೊನೆಯ ಸಾಲು ಸೇರಿಸಿ ಅವನ ಕೈಗೆ ಕೊಟ್ಟಳು. “ಓದಿ ಗುರುತು ಹೇಳ್ರಿ. ಜೋರಾಗಿ.”

ಮಲ್ಲಣ್ಣ ಓದಿದ. “ಆರೋಪಿ ಶಿವಕಾಂತಾ ಇವರ ಸ್ವಾಧೀನದಲ್ಲಿದ್ದ ಕೆಂಪು ಬಣ್ಣದ ಕಾರು. ವಾಹನವು ಚಾಲನಾ ಸ್ಥಿತಿಯಲ್ಲಿದ್ದು, ಆರೋಪಿಯೇ ನರೋಣಾದಿಂದ ಜೇವರ್ಗಿಯವರೆಗೆ ಚಲಾಯಿಸಿಕೊಂಡು ತಂದಿರುತ್ತಾರೆ.” ಅಲ್ಲಿಗೆ ಓದಿ, ಕಾಗದ ಇಳಿಸಿ ಕಾರಿನ ಕಡೆ ನೋಡಿದ.

ಶಿವಕಾಂತಾ ಕಾರಿನಿಂದಿಳಿದು ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. “ಮಲ್ಲಣ್ಣಾರ, ಓಡೋ ಕಾರು ಬೇಕಂದಿದ್ರಿ. ಬಂದದ ನೋಡ್ರಿ. ಅರ್ಜಿ ಕೊಡಲೇನು?”

ಮಲ್ಲಣ್ಣ ಗುರುಶಾಂತನ ಮುಖ ನೋಡಿದ. ಗುರುಶಾಂತ ನೆಲ ನೋಡಿದ. ಉತ್ತರಕ್ಕೆ ಕಾಯದೆ ಅವಳು ತಾನಾಗಿಯೇ ಠಾಣೆಯ ಮೆಟ್ಟಿಲು ಹತ್ತಿದಳು.

ಸಂಜೆ ಪಂಚಶೀಲಾ ಕೇಸ್ ಡೈರಿ ತೆರೆದಳು. ಕಳವಿನ ಉದ್ದೇಶ ಎಂದಿದ್ದಲ್ಲಿ ಅವಳ ಕೈ ರೂಢಿಯಂತೆ ‘ಹಣದ ಆಸೆ’ ಎಂದು ಬರೆಯಲು ಹೊರಟು ತಡೆಯಿತು. ಕಿಟಕಿಯಾಚೆ ಆಫ್ತಾಬ ಬಂದು ಯಾರೂ ಹೇಳದೆಯೇ ಕೆಂಪು ಕಾರಿಗೆ ತಾಡಪತ್ರಿ ಹೊದಿಸುತ್ತಿದ್ದ. ಅವಳು ಅದನ್ನು ನೋಡಿ, ಬರೆದಳು: ‘ಆರೋಪಿಗೆ ತನ್ನ ಕಾರಿನಲ್ಲಿ ತಾನೇ ಹೋಗಬೇಕಾಗಿತ್ತು.’